ರಸ್ತೆ ತೆರೆದಿದೆ, ಕಾಡು ಬಂದ್: ಬೇಸಿಗೆಯ ಈ ನಿರ್ಬಂಧ ಯಾಕೆ, ಯಾರಿಗೆ?

ಫೆಬ್ರವರಿ ಬಂತೆಂದರೆ ಸಾಕು, ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಅದೇ ಸುದ್ದಿ ಬರುತ್ತದೆ. ಕಾಳ್ಗಿಚ್ಚಿನ ಭಯ, ಟ್ರೆಕ್ಕಿಂಗ್ ಬಂದ್, ಕಾಡಿನೊಳಗೆ ಹೋಗಬೇಡಿ. ಬೆಳಗಾವಿ ಕಡೆಯವರಿಗೆ ಇದು ಇನ್ನೂ ಜಾಸ್ತಿ ಗೊಂದಲ ಹುಟ್ಟಿಸುತ್ತದೆ. ಮಳೆಗಾಲದಲ್ಲಿ ಖಾನಾಪುರದ ಜಲಪಾತಗಳಿಗೆ ಹೋಗಬೇಡಿ ಅನ್ನುತ್ತಾರೆ, ಬೇಸಿಗೆ ಬಂದರೆ ಬೆಂಕಿ ಅಂತ ತಡೆಯುತ್ತಾರೆ, ಆದರೆ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಸಾಲುಗಟ್ಟಿ ಹೋಗುವ ಕಾರುಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಗಾಡಿಯಲ್ಲಿ ಹೋದರೆ ಕಾಡಿಗೆ ಏನೂ ಆಗಲ್ಲ, ನಡೆದು ಹೋದರೆ ಬೆಂಕಿ ಬೀಳುತ್ತದೆಯಾ?

ವ್ಯಂಗ್ಯವಾಗಿ ಕೇಳಿದರೂ ಇದು ಸರಿಯಾದ ಪ್ರಶ್ನೆ. ಉತ್ತರ ಹೀಗಿದೆ. ಈ ನಿರ್ಬಂಧದಿಂದ ಬೆಂಕಿ ಅಷ್ಟೇನೂ ಕಡಿಮೆಯಾಗುವುದಿಲ್ಲ. ಬೆಂಕಿ ಬಿದ್ದಾಗ ನೀವು ಅಲ್ಲಿ ಇರಬಾರದು ಅನ್ನುವುದೇ ಅದರ ಮುಖ್ಯ ಕೆಲಸ. ಬೆಂಕಿ ತಡೆಯುವ ಕೆಲಸ ಬೇರೆಯೇ ಇದೆ, ಅದು ಡಿಸೆಂಬರ್, ಜನವರಿಯಲ್ಲೇ ಮುಗಿಯಬೇಕು. ಇವೆರಡನ್ನೂ ಕಲಸಿ ಹೇಳುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಕಾನೂನು ಏನು ಹೇಳುತ್ತದೆ

ಖಾನಾಪುರ ತಾಲ್ಲೂಕಿನ ಭೀಮಗಡ ಕಾಡನ್ನು ವನ್ಯಧಾಮ ಎಂದು ಘೋಷಿಸಿದ್ದು 2011ರಲ್ಲಿ. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಒಂದು ಪ್ರದೇಶ ವನ್ಯಧಾಮ ಆಯಿತೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅನ್ವಯವಾಗುತ್ತದೆ. ಅದರ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಬೇಸಿಗೆ ಅಂತಲ್ಲ, ವರ್ಷದ ಹನ್ನೆರಡೂ ತಿಂಗಳು. ಹಾಗಾಗಿ "ಈಗ ಬಂದ್ ಮಾಡಿದರು" ಅನ್ನುವುದೇ ಪೂರ್ತಿ ಸರಿಯಲ್ಲ. ಬಾಗಿಲು ಮೊದಲಿಂದಲೂ ಮುಚ್ಚಿಯೇ ಇತ್ತು, ಬೇಸಿಗೆಯಲ್ಲಿ ಕಾವಲು ಬಿಗಿ ಆಗುತ್ತದೆ ಅಷ್ಟೇ.

ಈ ನಿಯಮಕ್ಕೆ ಕೆಲವು ವಿನಾಯಿತಿ ಇವೆ. ಒಳಗೆ ಜಮೀನು, ಮನೆ ಇರುವವರು ಹೋಗಬಹುದು. ಕೆಲಸದ ಮೇಲೆ ಹೋಗುವ ಸರ್ಕಾರಿ ನೌಕರರು ಹೋಗಬಹುದು. ಮೂರನೆಯದು ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು. ಖಾನಾಪುರದಿಂದ ಹೆಮ್ಮಡಗಾ ಮೇಲೆ ಅನಮೋಡಕ್ಕೆ ಹೋಗುವ ರಸ್ತೆಯಲ್ಲಿ ಗಾಡಿ ಓಡುವುದು ಈ ಲೆಕ್ಕದಲ್ಲಿ. ಆದರೆ ವಿನಾಯಿತಿ ಇರುವುದು ಹಾದುಹೋಗುವುದಕ್ಕೆ ಮಾತ್ರ. ಗಾಡಿ ನಿಲ್ಲಿಸಿ, ಚಾಪೆ ಹಾಸಿ, ಮೂರು ಕಲ್ಲು ಕೂಡಿಸಿ ಒಲೆ ಹಚ್ಚಿದಿರೋ, ಕಥೆ ಬೇರೆಯಾಗುತ್ತದೆ. ಅದೇ ಕಾಯ್ದೆಯ 30ನೇ ಸೆಕ್ಷನ್ ವನ್ಯಧಾಮಕ್ಕೆ ಅಪಾಯ ಆಗುವಂತೆ ಬೆಂಕಿ ಹಚ್ಚುವುದನ್ನು ಮಾತ್ರವಲ್ಲ, ಹಚ್ಚಿದ ಬೆಂಕಿಯನ್ನು ಆರಿಸದೆ ಬಿಟ್ಟು ಬರುವುದನ್ನೂ ಅಪರಾಧ ಎನ್ನುತ್ತದೆ. 2022ರ ತಿದ್ದುಪಡಿಯ ನಂತರ ಇಂಥ ಅಪರಾಧಗಳಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಮೊದಲು ದಂಡದ ಮಿತಿ 25 ಸಾವಿರ ಇತ್ತು.

ವನ್ಯಧಾಮದ ಹೊರಗಿನ ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅಲ್ಲೂ ಬೆಂಕಿ ಹಚ್ಚುವುದು ಅಪರಾಧವೇ.

ಇಷ್ಟು ಮಳೆ ಬೀಳುವ ಕಾಡಿಗೆ ಬೆಂಕಿ ಹೇಗೆ?

ಕಣಕುಂಬಿ, ಆಮಗಾಂವ್ ಅಂದರೆ ರಾಜ್ಯದಲ್ಲೇ ಅತಿ ಜಾಸ್ತಿ ಮಳೆ ಬೀಳುವ ಊರುಗಳ ಸಾಲಿನಲ್ಲಿ ಬರುವಂಥವು. ಜುಲೈನಲ್ಲಿ ಅಲ್ಲಿನ ಕಾಡು ನೋಡಿದವರಿಗೆ ಇದಕ್ಕೆ ಬೆಂಕಿ ಹತ್ತುತ್ತದೆ ಅಂದರೆ ನಂಬಲು ಕಷ್ಟ.

ಆದರೆ ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಯಾವಾಗ ನಿಂತಿತು ಅನ್ನುವುದು ಮುಖ್ಯ. ಅಕ್ಟೋಬರ್‌ಗೆ ಮಳೆ ಮುಗಿದರೆ ಮುಂದಿನ ದೊಡ್ಡ ಮಳೆ ಜೂನ್‌ಗೆ. ನಡುವೆ ಏಪ್ರಿಲ್, ಮೇನಲ್ಲಿ ಅಡ್ಡಮಳೆ ಬಂದರೆ ಬಂತು. ಜಾಸ್ತಿ ಮಳೆ ಅಂದರೆ ಹುಲ್ಲು ಜಾಸ್ತಿ, ಪೊದೆ ಜಾಸ್ತಿ, ಎಲೆ ಜಾಸ್ತಿ. ಐದು ತಿಂಗಳ ಒಣಹವೆಯಲ್ಲಿ ಅದೆಲ್ಲ ಒಣಗಿ ಉರುವಲಾಗುತ್ತದೆ.

ಖಾನಾಪುರದ ಕಾಡೆಲ್ಲ ಒಂದೇ ತರ ಇಲ್ಲ ಅನ್ನುವುದನ್ನೂ ನೆನಪಿಡಬೇಕು. ಘಟ್ಟದ ಅಂಚಿನ ಕಣಿವೆಗಳಲ್ಲಿ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿದೆ. ಅಲ್ಲಿ ನೆಲಕ್ಕೆ ಬಿಸಿಲೇ ಬೀಳುವುದಿಲ್ಲ, ಬೆಂಕಿ ಸುಲಭಕ್ಕೆ ಒಳಗೆ ನುಗ್ಗುವುದಿಲ್ಲ. ಅಲ್ಲಿಂದ ಪೂರ್ವಕ್ಕೆ ಬಂದಂತೆ ತೇಗ, ಮತ್ತಿ, ನಂದಿ, ಜಂಬೆ ಮರಗಳ ಎಲೆ ಉದುರುವ ಕಾಡು. ಬೆಂಕಿಯ ಊರು ಅಂದರೆ ಇದೇ.

ತೇಗದ ಎಲೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಊಟದ ತಟ್ಟೆಯಷ್ಟು ಅಗಲ. ಒಣಗಿದಾಗ ಅಂಚು ಮೇಲಕ್ಕೆ ಸುರುಳಿಕೊಂಡು ದೊನ್ನೆಯಂತೆ ಆಗುತ್ತದೆ. ಇಂಥ ಎಲೆಗಳು ಒಂದರ ಮೇಲೊಂದು ಬಿದ್ದಾಗ ಒತ್ತಾಗಿ ಕೂರುವುದಿಲ್ಲ, ನಡುನಡುವೆ ಗಾಳಿ ಆಡುತ್ತದೆ. ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು. ಒಣ ಉರುವಲು, ಅದರೊಳಗೇ ಗಾಳಿ. ಇನ್ನೇನು ಬೇಕು, ಒಂದು ಕಿಡಿ. ಮಾರ್ಚ್‌ನ ಮಧ್ಯಾಹ್ನ ಇಂಥ ನೆಲದಲ್ಲಿ ಹತ್ತಿದ ಬೆಂಕಿ ಮರದ ತುದಿಗೆ ಏರದೆ ನೆಲದ ಮೇಲೆಯೇ ಹರಿಯುತ್ತದೆ. ಮೊಣಕಾಲೆತ್ತರದ ಜ್ವಾಲೆ, ಅಷ್ಟೇ. ಅದಕ್ಕೇ ದೂರದಿಂದ ನೋಡಿದವರಿಗೆ "ಮರ ಎಲ್ಲ ಹಾಗೇ ಇವೆಯಲ್ಲ" ಅನಿಸುತ್ತದೆ. ಹೋಗಿರುವುದು ಸಸಿಗಳು, ಬಿದ್ದ ಬೀಜ, ನೆಲದ ಮೇಲಿನ ಹಕ್ಕಿಗೂಡು, ಓಡಲಾರದ ಆಮೆ, ಹಾವು, ಓತಿ. ಮರ ಉಳಿಯಿತು, ಮರದ ಮಕ್ಕಳು ಹೋದವು. ಹೀಗೆ ಹತ್ತಾರು ವರ್ಷ ನಡೆದರೆ ಮುದಿ ಮರಗಳ ಕಾಡು ಉಳಿದು, ಅವು ಬಿದ್ದಾಗ ಆ ಜಾಗಕ್ಕೆ ಹುಲ್ಲು, ಲಂಟಾನ ಎಂಬ ಕಳೆಪೊದೆ ಬರುತ್ತವೆ. ಅವು ಇನ್ನೂ ಬೇಗ ಉರಿಯುತ್ತವೆ.

ಬೆಂಕಿ ಹಚ್ಚುವವರು ಯಾರು?

ಬಿದಿರಿಗೆ ಬಿದಿರು ತಿಕ್ಕಿ ಬೆಂಕಿ ಹತ್ತುತ್ತದೆ ಎಂದು ಶಾಲೆಯಲ್ಲಿ ಓದಿದವರು ಇದ್ದೀರಿ ಅಲ್ವಾ. ಆ ಕಥೆಯನ್ನು ಸದ್ಯಕ್ಕೆ ಬದಿಗಿಡಿ. ಸಿಡಿಲಿನಿಂದ ಬೀಳುವ ಬೆಂಕಿ ಬೇರೆ ದೇಶಗಳಲ್ಲಿ ದೊಡ್ಡ ಸಮಸ್ಯೆ. ನಮ್ಮಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಸಿಡಿಲೇ ಅಪರೂಪ, ಬಂದರೂ ಜೊತೆಗೆ ಮಳೆ ಬರುತ್ತದೆ. ದೇಶದ ಕಾಳ್ಗಿಚ್ಚುಗಳಲ್ಲಿ ಸುಮಾರು 95 ಪ್ರತಿಶತ ಮನುಷ್ಯರಿಂದಲೇ ಎಂದು ಸರ್ಕಾರಿ ದಾಖಲೆಗಳೇ ಹೇಳುತ್ತವೆ.

ಮನುಷ್ಯರು ಅಂದರೆ ಯಾರು, ಅಲ್ಲಿದೆ ವಿಷಯ. ದನಕ್ಕೆ ಎಳೆ ಹುಲ್ಲು ಚಿಗುರಲಿ ಎಂದು ಒಣಹುಲ್ಲಿಗೆ ಹಚ್ಚುವವರಿದ್ದಾರೆ. ಗೋಡಂಬಿ ತೋಟದ ಕಸ ಸುಡುವವರಿದ್ದಾರೆ. ಜೇನು ಕೀಳಲು ಹೊಗೆ ಹಾಕಿ ದೊಂದಿ ಅಲ್ಲೇ ಎಸೆದು ಬರುವವರಿದ್ದಾರೆ. ಪ್ರಾಣಿ ಓಡಿಸಿ ಹಿಡಿಯಲು ಬೆಂಕಿ ಇಡುವ ಬೇಟೆಗಾರರಿದ್ದಾರೆ. ಇಲಾಖೆಯ ಮೇಲಿನ ಸಿಟ್ಟಿಗೆ ಕಡ್ಡಿ ಗೀರುವವರೂ ಇದ್ದಾರೆ, ಇದನ್ನು ಎಲ್ಲರೂ ಪಿಸುಮಾತಿನಲ್ಲಿ ಒಪ್ಪುತ್ತಾರೆ. ಕಾಡಂಚಿನ ಕಬ್ಬಿನ ಹೊಲ ಇನ್ನೊಂದು. ಕಟಾವಾದ ಮೇಲೆ ಉಳಿಯುವ ರವದಿಗೆ ಬೆಂಕಿ ಹಾಕುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಮಾಮೂಲು. ಕಬ್ಬು ನುರಿಸುವ ಕಾಲ ಮುಗಿಯುವುದೂ ಕಾಡು ಒಣಗುವುದೂ ಒಂದೇ ಹೊತ್ತಿಗೆ. ಗಾಳಿ ತಿರುಗಿದರೆ ರವದಿಯ ಕಿಡಿ ಬದುವನ್ನು ಲೆಕ್ಕಿಸುವುದಿಲ್ಲ.

ಇನ್ನು ಪ್ರವಾಸಿಗರು. ಕಾಡಿನಲ್ಲಿ ಬಿಸಾಡಿದ ಬಾಟಲಿಯ ಗಾಜು ಬಿಸಿಲಿಗೆ ಕಾದು ಬೆಂಕಿ ಹತ್ತುತ್ತದೆ ಎನ್ನುವ ಮಾತು ಕೇಳಿರುತ್ತೀರಿ. ಅದಾಗುವುದು ತೀರಾ ಅಪರೂಪ. ಬಾಟಲಿ ಬಿದ್ದ ಜಾಗದಲ್ಲಿ ಪಾರ್ಟಿ ನಡೆದಿದೆ, ಪಾರ್ಟಿ ನಡೆದಲ್ಲಿ ಒಲೆ ಉರಿದಿದೆ, ಒಲೆಯ ಕೆಂಡಕ್ಕೆ ಅರ್ಧ ಬಾಟಲಿ ನೀರು ಸುರಿದು "ಆರಿತು" ಎಂದು ಎದ್ದು ಬಂದಿದ್ದಾರೆ. ಬೂದಿಯ ಕೆಳಗೆ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಗಾಳಿ ಏಳುವುದು ಮಧ್ಯಾಹ್ನದ ಮೇಲೆ. ಅಷ್ಟೊತ್ತಿಗೆ ಅವರು ಮನೆ ಸೇರಿರುತ್ತಾರೆ.

ಆದರೂ ಈ ಪಟ್ಟಿಯಲ್ಲಿ ಪ್ರವಾಸಿಗರು ಒಂದು ಪಾಲು ಮಾತ್ರ. ಹಾಗಾದರೆ ಅವರನ್ನೇ ಮೊದಲು ತಡೆಯುವುದು ಯಾಕೆ?

ಕುರಂಗಣಿಯಲ್ಲಿ ಆದದ್ದು

2018ರ ಮಾರ್ಚ್ 11. ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟ. ಟ್ರೆಕ್ಕಿಂಗ್ ಮುಗಿಸಿ ಇಳಿಯುತ್ತಿದ್ದ 30ಕ್ಕೂ ಹೆಚ್ಚು ಜನರ ಗುಂಪು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿತು. ಒಟ್ಟು 23 ಜನ ಸತ್ತರು. ಕೆಲವರು ಅಲ್ಲೇ, ಉಳಿದವರು ಸುಟ್ಟ ಗಾಯದಿಂದ ಆಸ್ಪತ್ರೆಯಲ್ಲಿ.

ಬೆಟ್ಟದ ಬೆಂಕಿಗೆ ಒಂದು ಗುಣ ಇದೆ, ಬಯಲಿನವರಿಗೆ ಅದು ಗೊತ್ತಿರುವುದಿಲ್ಲ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ. ಕೆಳಗಿನ ಜ್ವಾಲೆಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ, ಜ್ವಾಲೆ ತಾಗುವ ಹೊತ್ತಿಗೆ ಅದು ಸಿದ್ಧ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ಬೆಂಕಿಯ ವೇಗ ಸುಮಾರು ಎರಡು ಪಟ್ಟು ಆಗುತ್ತದೆ ಅನ್ನುವುದು ಬೆಂಕಿ ಆರಿಸುವವರ ಲೆಕ್ಕ. ಮನುಷ್ಯ ಗುಡ್ಡ ಹತ್ತುವಾಗ ನಿಧಾನವಾಗುತ್ತಾನೆ, ಬೆಂಕಿ ಜೋರಾಗುತ್ತದೆ. ಹೆದರಿದವರು ಸಹಜವಾಗಿ ಮೇಲಕ್ಕೆ ಓಡುತ್ತಾರೆ. ಓಡಬಾರದ ದಿಕ್ಕು ಅದೇ.

ಆ ದುರಂತದ ನಂತರ ತಮಿಳುನಾಡು ಟ್ರೆಕ್ಕಿಂಗ್‌ಗೆ ಪ್ರತ್ಯೇಕ ನಿಯಮ ಮಾಡಿತು. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ದಾರಿಗಳನ್ನು ಮುಚ್ಚುವುದು ಅಲ್ಲಿ ಈಗ ರೂಢಿ.

ಇನ್ನೊಂದು ಕಾರಣ ಜನಬಲದ್ದು. ಒಬ್ಬ ಗಸ್ತು ಅರಣ್ಯ ಪಾಲಕನ ಜೊತೆ ಕೂಲಿಗೆ ಕಾಡು ಕಾಯುವ ಕೆಲವೇ ವಾಚರ್‌ಗಳು ಇರುತ್ತಾರೆ. ಒಂದು ಗುಡ್ಡಕ್ಕೆ ಬೆಂಕಿ ಬಿದ್ದಿದೆ, ಅದೇ ಗುಡ್ಡದ ಮೇಲೆ ಏಳೆಂಟು ಜನ ಹುಡುಗರು ಇದ್ದಾರಂತೆ ಎಂಬ ಸುದ್ದಿ ಬಂದರೆ ಅವರೆಲ್ಲ ಬೆಂಕಿ ಬಿಟ್ಟು ಹುಡುಗರನ್ನು ಹುಡುಕಬೇಕು. ಬೆಂಕಿ ಆರಿಸುವವರ ಜೀವಕ್ಕೂ ಖಾತ್ರಿ ಇಲ್ಲ. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರ ಕಡೆ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೇ ಸತ್ತಿದ್ದಾರೆ.

ಚಾರಣಿಗರನ್ನು ಹೊರಗಿಡುವುದಕ್ಕೆ ಈ ಎರಡು ಕಾರಣ ಸಾಕು. ಅದಕ್ಕೆ ಅವರನ್ನು ಬೆಂಕಿ ಹಚ್ಚುವವರು ಎಂದು ಕರೆಯಬೇಕಾಗಿಲ್ಲ.

ಮೇಲಿನ ಕಣ್ಣು, ಕೆಳಗಿನ ಗೆರೆ

"ಈಗೆಲ್ಲ ಸ್ಯಾಟಲೈಟ್ ಇದೆ, ಬೆಂಕಿ ಬಿದ್ದ ಕೂಡಲೇ ಗೊತ್ತಾಗುತ್ತದೆ" ಅನ್ನುವುದು ಇನ್ನೊಂದು ವಾದ. ಅರ್ಧ ನಿಜ. ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಉಪಗ್ರಹದ ಮಾಹಿತಿ ನೋಡಿ ಬೆಂಕಿ ಎಲ್ಲಿದೆ ಎಂದು ಅರಣ್ಯ ಸಿಬ್ಬಂದಿಯ ಮೊಬೈಲ್‌ಗೆ ಸಂದೇಶ ಕಳಿಸುತ್ತದೆ. ಆದರೆ ಅದಕ್ಕೆ ಮುಖ್ಯವಾಗಿ ಬಳಸುವ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಮೂರು ಗಂಟೆಗೆ ಹತ್ತಿದ ಬೆಂಕಿ ಅದರ ಕಣ್ಣಿಗೆ ಬೀಳುವುದು ಮಧ್ಯರಾತ್ರಿ ಕಳೆದ ಮೇಲೆ. ಅದರ ಚಿತ್ರದ ಒಂದು ಚುಕ್ಕಿ ಅಂದರೆ ನೆಲದಲ್ಲಿ 375 ಮೀಟರ್ ಉದ್ದ, ಅಷ್ಟೇ ಅಗಲದ ಜಾಗ. ಒಲೆಯಷ್ಟು ಬೆಂಕಿ ಅದಕ್ಕೆ ಕಾಣುವುದಿಲ್ಲ. ಕಾಣುವಷ್ಟು ದೊಡ್ಡದಾದ ಮೇಲೆ ಕಂಡರೆ ಏನು ಪ್ರಯೋಜನ ಎಂದು ಕೇಳಬೇಡಿ, ರಾತ್ರಿ ತಂಪಿನಲ್ಲಿ ಆರಿಸಲು ಜಾಗ ಗೊತ್ತಾಗುವುದೂ ದೊಡ್ಡ ಸಹಾಯವೇ. ಆದರೂ ಮೊದಲ ಹೊಗೆ ಕಾಣುವುದು ಊರಿನವರಿಗೆ, ದನ ಕಾಯುವವರಿಗೆ.

ನಿಜವಾದ ತಡೆ ಅಂದರೆ ಬೆಂಕಿ ರೇಖೆ. ರಸ್ತೆ ಪಕ್ಕ, ಊರಿನ ಅಂಚು, ಕಾಡಿನ ಗಡಿ ಉದ್ದಕ್ಕೂ ಕೆಲವು ಮೀಟರ್ ಅಗಲಕ್ಕೆ ಹುಲ್ಲು, ಪೊದೆ ಸವರುತ್ತಾರೆ. ಒಣಗಲು ಬಿಟ್ಟು, ತಂಪು ಹೊತ್ತಿನಲ್ಲಿ, ಎರಡೂ ಬದಿ ಜನ ನಿಂತು ತಾವೇ ಸುಡುತ್ತಾರೆ. ಆಮೇಲೆ ಬೆಂಕಿ ಆ ಗೆರೆವರೆಗೆ ಬಂದು ತಿನ್ನಲು ಏನೂ ಇಲ್ಲದೆ ನಿಲ್ಲುತ್ತದೆ. ಈ ಕೆಲಸ ತರಗೆಲೆ ಪೂರ್ತಿ ಉದುರುವ ಮೊದಲೇ ಆಗಬೇಕು. ಬೇಗ ಮಾಡಿದರೆ ಹುಲ್ಲು ಹಸಿ, ಉರಿಯುವುದಿಲ್ಲ. ತಡ ಮಾಡಿದರೆ ಬೆಂಕಿ ರೇಖೆಗೆ ಹಚ್ಚಿದ್ದೇ ಕಾಡಿಗೆ ಹತ್ತುತ್ತದೆ. ಅಂಥ ವಾರಗಳು ಕೆಲವೇ ಕೆಲವು. ಆ ವಾರಗಳಲ್ಲಿ ಹಣ ಬಿಡುಗಡೆಯಾಗಿರಬೇಕು, ಕೂಲಿಯವರು ಸಿಗಬೇಕು. ಮಾಡಿದ ಗೆರೆಯ ಮೇಲೂ ಮತ್ತೆ ಎಲೆ ಬೀಳುತ್ತದೆ, ಗುಡಿಸಬೇಕು.

ಗೆರೆ ದಾಟಿ ಬೆಂಕಿ ಬಂತು ಅನ್ನಿ. ಅಲ್ಲಿ ನಲ್ಲಿ ಇಲ್ಲ, ಪೈಪ್ ಇಲ್ಲ, ಅಗ್ನಿಶಾಮಕ ಗಾಡಿ ಹೋಗಲು ದಾರಿ ಇಲ್ಲ. ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿಯುವುದು ಈಗಲೂ ಮುಖ್ಯ ಆಯುಧ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಮಾರು 11 ಸಾವಿರ ಎಕರೆ ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು. ನಮ್ಮ ಭೀಮಗಡಕ್ಕೆ ಅಂಟಿಕೊಂಡೇ ಇರುವ ಗೋವಾದ ಮಹದಾಯಿ ವನ್ಯಧಾಮದಲ್ಲಿ 2023ರ ಮಾರ್ಚ್‌ನಲ್ಲಿ ಹಲವು ದಿನ ಬೆಂಕಿ ಎದ್ದಾಗಲೂ ಹೆಲಿಕಾಪ್ಟರ್ ಕರೆಸಬೇಕಾಯಿತು. ರಾಜ್ಯದ ಗಡಿ ನಕಾಶೆಯಲ್ಲಿದೆ, ಕಾಡಿನಲ್ಲಿಲ್ಲ. ಅಲ್ಲಿ ಹತ್ತಿದ್ದು ಇಲ್ಲಿಗೂ ಬರಬಹುದು, ಇಲ್ಲಿಯದು ಅಲ್ಲಿಗೂ.

ಊರಿನವರ ತಕರಾರು

ವನ್ಯಧಾಮದ ಒಳಗೆ ಗವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ಆಮಗಾಂವ್‌ನಂಥ ಹತ್ತಾರು ಸಣ್ಣ ಊರುಗಳಿವೆ. ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರ ಎಂಬ ಸ್ಥಳಾಂತರದ ಮಾತು ಅಲ್ಲಿ ವರ್ಷಗಳಿಂದ ನಡೆದಿದೆ. ಕೆಲವರು ಹೋಗಲು ತಯಾರು, ಕೆಲವರು ಇಲ್ಲ. ಇಂಥ ಹೊತ್ತಲ್ಲಿ ಇಲಾಖೆ ಯಾವ ಗೇಟ್ ಹಾಕಿದರೂ ಊರಿನವರಿಗೆ ಅದು "ನಮ್ಮನ್ನು ಎಬ್ಬಿಸುವ ಉಪಾಯ"ವಾಗಿ ಕಾಣುತ್ತದೆ. ತಪ್ಪು ಅನ್ನಲಾಗದು.

ಅವರ ಹಕ್ಕು ಬೇರೆ, ಪ್ರವಾಸಿಗರ ಆಸೆ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. ಜೇನು, ಮುರುಗಲು, ಕವಳಿಹಣ್ಣು ಸಿಗುವುದು ಇದೇ ಬೇಸಿಗೆಯಲ್ಲಿ. ಬೆಂಕಿ ನೆಪದಲ್ಲಿ ಅವರನ್ನೂ ಗೇಟಿನಲ್ಲಿ ನಿಲ್ಲಿಸಿದರೆ ಕಾನೂನಿಗೂ ಸರಿಯಲ್ಲ, ಬುದ್ಧಿವಂತಿಕೆಯೂ ಅಲ್ಲ. ಯಾಕೆಂದರೆ ಅದೇ 27ನೇ ಸೆಕ್ಷನ್ ವನ್ಯಧಾಮದೊಳಗೆ ವಾಸಿಸುವವರ ಮೇಲೆ ಒಂದು ಹೊಣೆಯನ್ನೂ ಹೊರಿಸಿದೆ, ಬೆಂಕಿ ಕಂಡರೆ ಅವರು ಆರಿಸಬೇಕು. ಹಕ್ಕಿಗೆ ಅಡ್ಡಗಾಲು ಹಾಕಿ ಹೊಣೆ ಮಾತ್ರ ನೆನಪಿಸಿದರೆ ಯಾರು ಓಡಿ ಬರುತ್ತಾರೆ?

ಇಲ್ಲೊಂದು ಹಳೆಯ ವಾದವೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಏರುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದನ್ನು ತರಗು ಬೆಂಕಿ ಅನ್ನುತ್ತಾರೆ. ಅದನ್ನು ನಿಲ್ಲಿಸಿದ ಮೇಲೇ ಲಂಟಾನ ಹೆಚ್ಚಿತು, ಈಗ ಬೀಳುವ ಬೆಂಕಿ ಕಾಡನ್ನೇ ನುಂಗುತ್ತದೆ ಎಂಬುದು ಅವರ ಮಾತು. ಅರಣ್ಯ ಅಧಿಕಾರಿಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಸಣ್ಣ ಬೆಂಕಿ ಕೈ ತಪ್ಪಿದರೆ ಯಾರು ಹೊಣೆ ಅನ್ನುತ್ತಾರೆ. ಎರಡರಲ್ಲೂ ನಿಜ ಇದೆ. ಆದರೆ ಬೆಂಕಿ ರೇಖೆ ಸುಡುವುದೂ ಒಂದು ತರದಲ್ಲಿ ತರಗು ಬೆಂಕಿಯ ಸರ್ಕಾರಿ ರೂಪವೇ ಅಲ್ವಾ.

ಇನ್ನು ಜಾಂಬೋಟಿ, ಕಣಕುಂಬಿ ರಸ್ತೆಯ ಸಣ್ಣ ಹೋಟೆಲ್, ಹೋಮ್‌ಸ್ಟೇ, ಬಾಡಿಗೆ ಗಾಡಿಯವರ ಕಷ್ಟ. ಮಳೆಗಾಲದಲ್ಲೂ ಬಂದ್, ಬೇಸಿಗೆಯಲ್ಲೂ ಬಂದ್ ಅಂದರೆ ಅವರಿಗೆ ಉಳಿಯುವುದು ಅಕ್ಟೋಬರ್‌ನಿಂದ ಜನವರಿ. ಅವರ ನಿಜವಾದ ದೂರು ಮುಚ್ಚಿದ್ದರ ಬಗ್ಗೆ ಅಲ್ಲ, ಯಾವಾಗ ಮುಚ್ಚುತ್ತಾರೆ ಎಂದು ಮೊದಲೇ ಹೇಳದಿರುವುದರ ಬಗ್ಗೆ.

ಬಾಗಲಕೋಟೆ, ವಿಜಯಪುರದವರಿಗೆ ಏನು?

ವಿಜಯಪುರದಲ್ಲಿ ಕಾಡೇ ಕಡಿಮೆ, ನಮಗ್ಯಾಕೆ ಈ ಚರ್ಚೆ ಅನ್ನಬಹುದು. ಬಾಗಲಕೋಟೆಗೆ ಮಾತ್ರ ನೇರ ಸಂಬಂಧ ಇದೆ. ಬೀಳಗಿ, ಮುಧೋಳ ಕಡೆಯ ಯಡಹಳ್ಳಿ ಚಿಂಕಾರ ವನ್ಯಧಾಮ ಕುರುಚಲು ಕಾಡು, ಹುಲ್ಲುಗಾವಲು. ಹುಲ್ಲಿನ ಬೆಂಕಿ ತರಗೆಲೆಯ ಬೆಂಕಿಗಿಂತ ಬೇಗ ಓಡುತ್ತದೆ, ಚಿಂಕಾರ ಅನ್ನುವ ಹುಲ್ಲೆಯ ಬೇಸಿಗೆಯ ಮೇವೇ ಹೋಗುತ್ತದೆ.

ಇನ್ನೊಂದು ಸಂಬಂಧ ನೀರಿನದು. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಸವದತ್ತಿಯ ನವಿಲುತೀರ್ಥ ಅಣೆಕಟ್ಟು ತುಂಬಿ, ಬಾದಾಮಿ, ಪಟ್ಟದಕಲ್ಲು ಕಡೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಜೂನ್‌ನ ಮೊದಲ ಮಳೆ ಬೀಳುವಾಗ ನೆಲದ ಮೇಲೆ ತರಗೆಲೆ ಇದ್ದರೆ ಅದು ಹನಿಯ ಪೆಟ್ಟು ತಾನು ತಿಂದು ನೀರನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಮಾರ್ಚ್‌ನಲ್ಲೇ ಅದು ಸುಟ್ಟು ಹೋಗಿದ್ದರೆ ಬರಿ ನೆಲದ ಮೇಲಿನ ಮಣ್ಣು ನೀರಿನ ಜೊತೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಅಣೆಕಟ್ಟಿನ ಹೂಳಿಗೆ.

ಮುಂದೆ ಏನಾಗಬಹುದು?

ನಿರ್ಬಂಧ ಸಡಿಲ ಆಗುವ ಲಕ್ಷಣ ಇಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ನೋಡಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡುವ ದಾರಿ ಹಿಡಿಯಿತು. ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಈ ವ್ಯವಸ್ಥೆಯ ಒಳ್ಳೆಯ ಗುಣ ಏನೆಂದರೆ ಯಾರು ಒಳಗಿದ್ದಾರೆ ಅನ್ನುವ ಲೆಕ್ಕ ಸಿಗುತ್ತದೆ, ಬೆಂಕಿ ಬಿದ್ದರೆ ಯಾರನ್ನು ಹುಡುಕಬೇಕು ಎಂದು ಗೊತ್ತಿರುತ್ತದೆ. ಖಾನಾಪುರದ ಕಡೆಯೂ ಕೆಲವು ದಾರಿಗಳನ್ನು ಹೀಗೆ ಗೈಡ್ ಜೊತೆ, ಊರಿನವರನ್ನೇ ಗೈಡ್ ಮಾಡಿ, ಚಳಿಗಾಲಕ್ಕೆ ತೆರೆದು ಬೇಸಿಗೆಗೆ ಮುಚ್ಚುವುದು ಸಾಧ್ಯ. ಎಲ್ಲಾ ಕಡೆ ಅಲ್ಲ. ಭೀಮಗಡದ ಬಾರಾಪೇಡೆ ಗುಹೆಗಳಂಥ ಜಾಗ, ಜಗತ್ತಿನಲ್ಲೇ ಅಪರೂಪದ ರಾಟನ್ ಬಾವಲಿಯ ನೆಲೆ, ಯಾವ ತಿಂಗಳಲ್ಲೂ ಪ್ರವಾಸಿಗರಿಗೆ ತೆರೆಯುವಂಥದ್ದಲ್ಲ.

ಬರೀ ಗೇಟ್ ಬಿಗಿ ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರೆ ಆಗುವುದು ಊಹಿಸಬಹುದು. ಗೊತ್ತಿರುವ ದಾರಿ ಮುಚ್ಚಿದರೆ ಹುಡುಗರು ಗೊತ್ತಿಲ್ಲದ ದಾರಿ ಹಿಡಿಯುತ್ತಾರೆ, ಹೋದದ್ದನ್ನು ಯಾರಿಗೂ ಹೇಳುವುದಿಲ್ಲ. ಬೆಂಕಿ ಕಂಡರೂ ಫೋನ್ ಮಾಡಲು ಹೆದರುತ್ತಾರೆ, ಯಾಕೆಂದರೆ ಮೊದಲ ಪ್ರಶ್ನೆ "ನೀವು ಅಲ್ಲಿ ಏನು ಮಾಡುತ್ತಿದ್ದಿರಿ" ಎಂದೇ ಬರುತ್ತದೆ. ಇತ್ತ ರವದಿ ಉರಿಯುತ್ತಲೇ ಇರುತ್ತದೆ, ಹುಲ್ಲಿಗೆ ಕಡ್ಡಿ ಬೀಳುತ್ತಲೇ ಇರುತ್ತದೆ.

ಹಾಗಾಗಿ ಈ ವಿಷಯದ ಸುದ್ದಿ ಬಂದಾಗ ಗೇಟ್ ಯಾವತ್ತು ಮುಚ್ಚಿತು ಎಂದು ಕೇಳುವುದರ ಜೊತೆ ಇನ್ನೆರಡು ಪ್ರಶ್ನೆ ಕೇಳಿ. ಈ ವರ್ಷದ ಬೆಂಕಿ ರೇಖೆ ಯಾವ ತಿಂಗಳಲ್ಲಿ ಮುಗಿಯಿತು? ವಾಚರ್‌ಗಳ ಕೂಲಿ ಯಾವ ತಿಂಗಳವರೆಗೆ ಕೊಟ್ಟಾಗಿದೆ?